ಮೇಣದ ಹುಳು, ತಮ್ಮನ ಎದೆ

ಎದೆರೋಗದ ವಾರ್ಡು, ಕಿಟಕಿ ಪಕ್ಕದ ಮಂಚ
ಮಾರ್ಚ್ 4

ಅಕ್ಕ,

ಫೋನು ಮಾಡಿದಾಗಲೆಲ್ಲ ನೀನು ಕೇಳಿಸಿಕೊಳ್ಳುವುದು ನನ್ನ ಕೆಮ್ಮನ್ನು, ಮಾತನ್ನಲ್ಲ. ಎರಡು ಮಾತಾಡುವಷ್ಟರಲ್ಲಿ ಉಸಿರು ಕೈಕೊಡುತ್ತದೆ. ಆ ಕಡೆ ನೀನು ಗಾಬರಿಯಾಗಿ ಸುಮ್ಮನಾಗುತ್ತೀಯ, ಈ ಕಡೆ ನಾನು. ಅದಕ್ಕೇ ಈ ಕಾಗದ. ಬರೆಯುವಾಗ ಕೆಮ್ಮು ಬಂದರೆ ಪೆನ್ನು ಕೆಳಗಿಟ್ಟು, ಕೆಮ್ಮಿ ಮುಗಿಸಿ, ಮತ್ತೆ ಎತ್ತಿಕೊಂಡರಾಯಿತು. ನಿನಗೆ ಗೊತ್ತೂ ಆಗುವುದಿಲ್ಲ.

ಡ್ರೈವಿಂಗ್ ಸ್ಕೂಲಿನವರು ನನ್ನನ್ನು ಬಿಡಿಸಿದರು. ಅವರನ್ನು ಬೈಯುವ ಹಾಗಿಲ್ಲ. ಗಾಡಿ ಕಲಿಯಲು ಬರುವವರು ಮೊದಲೇ ಹೆದರಿರುತ್ತಾರೆ. ಪಕ್ಕದಲ್ಲಿ ಕೂತ ಮೇಷ್ಟ್ರೇ ತಿರುವಿನಲ್ಲಿ ಕರ್ಚೀಫು ಬಾಯಿಗೊತ್ತಿಕೊಂಡು ಬಗ್ಗಿಬಿಟ್ಟರೆ ಅವರೇನು ಮಾಡಬೇಕು? ಕೊನೆಯ ವಾರ ಒಬ್ಬ ಹೆಂಗಸು ನಾನು ಸತ್ತೇ ಹೋದೆ ಅಂದುಕೊಂಡು ನಡುರಸ್ತೆಯಲ್ಲಿ ಗಾಡಿ ನಿಲ್ಲಿಸಿ, ಇಳಿದು, ಹಿಂದೆ ತಿರುಗಿ ನೋಡದೆ ಹೊರಟುಹೋದಳು. ಹ್ಯಾಂಡ್‌ಬ್ರೇಕು ಮಾತ್ರ ಹಾಕಿದ್ದಳು. ಅಷ್ಟರ ಮಟ್ಟಿಗೆ ನನ್ನ ಪಾಠ ದಂಡವಾಗಲಿಲ್ಲ.

ಡಾಕ್ಟರು ಎಕ್ಸ್‌ರೇ ಹಿಡಿದು ತೋರಿಸಿದರು. "ನೋಡಿ, ಎಡಗಡೆ ಶ್ವಾಸಕೋಶದ ಕೆಳಭಾಗ ಹಳೇ ಸ್ಪಂಜಿನ ಥರ ಆಗಿದೆ. ರೋಗಾಣು ಅಲ್ಲಿ ಮನೆ ಮಾಡ್ಕೊಂಡು ಕೂತಿದೆ. ಇರೋ ಔಷಧಿ ಎಲ್ಲಾ ಕೊಟ್ಟು ನೋಡಿದ್ವಿ, ಯಾವುದಕ್ಕೂ ಜಗ್ತಾ ಇಲ್ಲ" ಅಂದರು. ನೀನು ಕೇಳಿದ್ದೆಯಂತೆ, ನನ್ನ ಕಫವನ್ನು ಡಬ್ಬಿಗೆ ಹಾಕಿ, ಐಸಿನಲ್ಲಿಟ್ಟು ನಿನ್ನ ಲ್ಯಾಬಿಗೆ ಕಳಿಸಿದ್ದಾರೆ. ನೀನಿರುವ ಊರಿಗೆ ಬರುತ್ತೇನೆ ಬರುತ್ತೇನೆ ಅಂತ ಎಷ್ಟು ವರ್ಷದಿಂದ ಹೇಳುತ್ತಿದ್ದೆ. ನನಗಿಂತ ಮೊದಲು ನನ್ನ ಕಫ ಬಂದು ಸೇರಿತು.

ನೀನು ಹುಳ ಸಾಕುತ್ತೀಯ ಅನ್ನುವುದು ಬಿಟ್ಟರೆ ನಿನ್ನ ಕೆಲಸ ಏನಂತ ನಾನು ಒಂದು ದಿನವೂ ನೆಟ್ಟಗೆ ಕೇಳಲಿಲ್ಲ. ಈಗ ಬೇಕಾದಷ್ಟು ಪುರುಸೊತ್ತಿದೆ. ಗಾಡಿ ಕಲಿಸುವವನಿಗೆ ತಿಳಿಯುವ ಹಾಗೆ ಬರಿ.

ನಿನ್ನ
ಪೀಪಿ

•

ಮಾರ್ಚ್ 15

ಪ್ರೀತಿಯ ಪೀಪಿ,

ನಿನ್ನ ಸಹಿ ನೋಡಿ ನಗು ಬಂತು. ಊಟದ ತಟ್ಟೆಯನ್ನು ಸ್ಟಿಯರಿಂಗ್ ಮಾಡಿಕೊಂಡು, ಪೀಪಿ ಅಂತ ಕೂಗುತ್ತ ಮನೆಯೆಲ್ಲ ಓಡುತ್ತಿದ್ದವನಿಗೆ ಆ ಹೆಸರಿಟ್ಟವಳು ನಾನೇ. ಆಗ ನಿನಗೆ ಏದುಸಿರು ಅನ್ನುವುದೇ ಇರಲಿಲ್ಲ.

ಕೇಳಿದ್ದೀಯಲ್ಲ, ಹೇಳುತ್ತೇನೆ. ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಹುಳದ ಕೋಣೆ ಇದೆ. ಒಳಗೆ ಕತ್ತಲು, ಬೆಚ್ಚಗಿನ ಗಾಳಿ, ಜೇನು ಮತ್ತು ಹೊಟ್ಟು ಬೆರೆತ ವಾಸನೆ. ಇವು ಜೇನುಗೂಡಿನ ಮೇಣ ತಿಂದು ಬೆಳೆಯುವ ಹುಳುಗಳು. ಜೇನು ಸಾಕುವವರು ಕಂಡಲ್ಲಿ ಹೊಸಕಿಹಾಕುತ್ತಾರೆ. ಕೆನೆಬಣ್ಣ, ಕಿರುಬೆರಳಿನ ಅರ್ಧದಷ್ಟು ಉದ್ದ. ಡಬ್ಬಿಯ ಪ್ಲಾಸ್ಟಿಕ್ಕನ್ನೂ ಕೊರೆದುಬಿಡುತ್ತವೆ. ಬಾಗಿಲು ಹಾಕಿ ನಿಂತರೆ ಆ ಕರಕರ ಕೇಳುತ್ತದೆ.

ನಮ್ಮ ಮೈಯ ಹಾಗೆ ಹಳೆಯ ಕಾಯಿಲೆಯನ್ನು ನೆನಪಿಟ್ಟುಕೊಂಡು ಹೋರಾಡುವ ಶಕ್ತಿ ಹುಳುವಿಗಿಲ್ಲ. ಬದಲಿಗೆ, ರೋಗಾಣು ಒಳಹೊಕ್ಕ ಕೂಡಲೇ ಅದರ ರಕ್ತದಲ್ಲಿ ಪುಟ್ಟ ಪುಟ್ಟ ಪ್ರೋಟೀನುಗಳು ಏಳುತ್ತವೆ. ರೋಗಾಣುವಿನ ಮೈಸುತ್ತ ಒಂದು ಪೊರೆ ಇರುತ್ತದೆ. ಪೊರೆ ಅಂದರೆ ಬಹುಪಾಲು ಕೊಬ್ಬು. ಆ ಕೊಬ್ಬಿನ ಕಣಗಳ ತಲೆಯಲ್ಲಿ ಋಣ ವಿದ್ಯುತ್ತು, ಪ್ರೋಟೀನಿನಲ್ಲಿ ಧನ ವಿದ್ಯುತ್ತು. ಎರಡೂ ಒಂದನ್ನೊಂದು ಸೆಳೆಯುತ್ತವೆ. ಪ್ರೋಟೀನು ಹೋಗಿ ಅಂಟಿಕೊಂಡು ಪೊರೆಯನ್ನು ಸೀಳುತ್ತದೆ. ಒಳಗಿದ್ದದ್ದೆಲ್ಲ ಸೋರಿ ರೋಗಾಣು ಸಾಯುತ್ತದೆ. ನಿನಗೆ ಕೊಟ್ಟ ಔಷಧಿಗಳಲ್ಲಿ ಹೆಚ್ಚಿನವು ರೋಗಾಣುವಿನ ಒಳಗಿನ ಯಂತ್ರವನ್ನು ಕೆಡಿಸಲು ನೋಡುತ್ತವೆ. ಇದು ಗೋಡೆಗೇ ಕೈಹಾಕುತ್ತದೆ.

ಅಂಥ ಒಂದು ಪ್ರೋಟೀನನ್ನು ನಾವು ಹುಳುವಿನ ರಕ್ತದಿಂದ ಬೇರ್ಪಡಿಸಿ ಇಟ್ಟುಕೊಂಡಿದ್ದೇವೆ. ನಿನ್ನ ಕಫದಿಂದ ಬೆಳೆಸಿದ ರೋಗಾಣುವಿನ ಮೇಲೆ ಈ ವಾರ ಅದನ್ನು ಹಾಕಿದೆ. ಬೆಳಿಗ್ಗೆ ತಟ್ಟೆ ತೆರೆದರೆ, ಹನಿ ಬಿದ್ದ ಜಾಗವೆಲ್ಲ ಕನ್ನಡಿಯ ಹಾಗೆ ತಿಳಿಯಾಗಿತ್ತು. ಒಂದೂ ಉಳಿದಿರಲಿಲ್ಲ.

ಇದು ಔಷಧಿಯಲ್ಲ. ತಟ್ಟೆಯಿಂದ ಮನುಷ್ಯರ ಮೈಗೆ ಬರಲು ವರ್ಷಗಳು ಬೇಕು, ಬರದೆಯೂ ಹೋಗಬಹುದು. ಆಸೆ ಇಟ್ಟುಕೊಳ್ಳಬೇಡ ಅಂತಲೇ ಬರೆಯಬೇಕು. ಆದರೆ ಆ ತಟ್ಟೆಯನ್ನು ಕಾರಿಡಾರಿನ ಕಿಟಕಿಯ ಬೆಳಕಿಗೆ ಎಷ್ಟೋ ಸಲ ಹಿಡಿದು ನೋಡಿದೆ ಕಣೋ.

ಅಕ್ಕ

•

ಮಾರ್ಚ್ 27

ಅಕ್ಕ,

ಆಸೆ ಇಟ್ಟುಕೊಳ್ಳಬೇಡ ಅಂತ ಬರೆದ ಕಾಗದವನ್ನು ವಾರ್ಡಿಗೆಲ್ಲ ಓದಿ ಹೇಳಿದ್ದೇನೆ. ಈಗ ಇಲ್ಲಿ ನಿನ್ನ ಹೆಸರು ಹುಳದಕ್ಕ. ಪಕ್ಕದ ಮಂಚದಲ್ಲಿ ಒಬ್ಬರು ವಯಸ್ಸಾದ ದರ್ಜಿ ಇದ್ದಾರೆ, ನನ್ನಂಥದೇ ಕಾಯಿಲೆ. "ಆ ಹುಳನ ಹಾಗೇ ನುಂಗಿದ್ರೆ ಆಗಲ್ವೇನಪ್ಪಾ? ಲ್ಯಾಬು ಗೀಬು ಯಾಕೆ?" ಅಂತ ಕೇಳಿದರು. ನಿನ್ನನ್ನು ಕೇಳಿ ಹೇಳುತ್ತೇನೆ ಅಂದಿದ್ದೇನೆ. ಹೇಳು.

ಇನ್ನೊಂದು ವಿಷಯ. ಶಸ್ತ್ರಚಿಕಿತ್ಸೆಯ ಡಾಕ್ಟರು ಬಂದಿದ್ದರು. ಕೆಟ್ಟಿರುವ ಭಾಗವನ್ನು ಕತ್ತರಿಸಿ ತೆಗೆದುಬಿಡೋಣ ಅನ್ನುತ್ತಾರೆ. ಕಾಯಿಲೆ ಒಂದೇ ಕಡೆ ಇರುವಾಗಲೇ ಮಾಡಬೇಕಂತೆ, ಬಲಗಡೆಗೂ ದಾಟಿದರೆ ಆಮೇಲೆ ಕೈ ಹಾಕುವ ಹಾಗಿಲ್ಲವಂತೆ. "ಅಪಾಯ ಇಲ್ವಾ ಡಾಕ್ಟ್ರೇ?" ಅಂದೆ. "ಇದೆ. ಸುಳ್ಳು ಹೇಳಲ್ಲ. ಮೇಜಿನ ಮೇಲೇ ಹೋಗಿಬಿಡೋರೂ ಇದಾರೆ. ಆದ್ರೆ ಮಾಡಿಸ್ಕೊಂಡವರಲ್ಲಿ ಹೆಚ್ಚಿನವರು ನಡ್ಕೊಂಡು ಮನೆಗೆ ಹೋಗಿದಾರೆ" ಅಂದರು.

ನನ್ನ ಹೆಂಡತಿ ಮಾಡಿಸಿಕೊಳ್ಳಿ ಅನ್ನುತ್ತಾಳೆ. ದರ್ಜಿ ಒಪ್ಪಿ ಸಹಿ ಹಾಕಿದ್ದಾರೆ. ನನಗೆ ಭಯ, ಅಕ್ಕ. ಬೇರೆಯವರ ಹತ್ತಿರ ಹೇಳುವುದಿಲ್ಲ, ನಿನಗೆ ಹೇಳುತ್ತೇನೆ. ಎದೆ ತೆರೆಯುತ್ತಾರೆ ಅನ್ನುವುದನ್ನು ಯೋಚಿಸಲೂ ಆಗುತ್ತಿಲ್ಲ. ನಿನ್ನ ಪ್ರೋಟೀನು ಹೇಗೂ ಇದೆಯಲ್ಲ, ಯಾವುದಾದರೂ ದಾರಿಯಲ್ಲಿ ಬೇಗ ಸಿಗುವುದಾದರೆ ಕತ್ತರಿಸುವುದು ಯಾಕೆ ಅಂತ ಯೋಚನೆ. ನೀನು ಏನನ್ನುತ್ತೀಯ? ನಿನ್ನ ಮಾತಿನ ಮೇಲೆ ತೀರ್ಮಾನ ಮಾಡುತ್ತೇನೆ.

ಪೀಪಿ

•

ಏಪ್ರಿಲ್ 5

ಪೀಪಿ,

ದರ್ಜಿಯವರಿಗೆ ಹೇಳು: ನುಂಗಿದರೆ ಹೊಟ್ಟೆ ಅದನ್ನು ಊಟ ಅಂದುಕೊಂಡು ಅರಗಿಸಿಬಿಡುತ್ತದೆ, ಎದೆಯವರೆಗೆ ತಲುಪುವುದಿಲ್ಲ.

ಶಸ್ತ್ರಚಿಕಿತ್ಸೆಯ ವಿಷಯ ನಾನು ಹೇಳುವಂಥದ್ದಲ್ಲ. ನಿನ್ನ ಎದೆ ನೋಡಿರುವವರು ಆ ಡಾಕ್ಟರು. ಅವರ ಮಾತು ಕೇಳಬೇಕು.

ಆದರೂ ನೀನು ಕೇಳಿದ್ದರಿಂದ ಬರೆಯುತ್ತಿದ್ದೇನೆ. ಮುಂದಿನ ಹಂತ ಹುಳುಗಳ ಮೇಲೆಯೇ. ನಿನ್ನ ರೋಗಾಣುವನ್ನು ಹುಳುವಿಗೆ ಚುಚ್ಚಿ, ಅದರ ಮೈಯಲ್ಲಿರುವುದರ ಜೊತೆಗೆ ಇನ್ನಷ್ಟು ಪ್ರೋಟೀನು ಕೊಟ್ಟು ನೋಡುತ್ತೇವೆ. ಅದೂ ಚೆನ್ನಾಗಿ ಬಂದರೆ, ಬೇರೆ ದಾರಿಯೇ ಇಲ್ಲದ ರೋಗಿಗಳಿಗೆ ವಿಶೇಷ ಅನುಮತಿ ಪಡೆದು ಕೊಟ್ಟ ಉದಾಹರಣೆಗಳು ಬೇರೆ ಔಷಧಿಗಳಲ್ಲಿ ಇವೆ. ನಮ್ಮ ಮುಖ್ಯಸ್ಥರನ್ನು ಸುಮ್ಮನೆ ಕೇಳಿ ನೋಡಿದೆ. ಇಲ್ಲ ಅನ್ನಲಿಲ್ಲ. ಡಾಕ್ಟರು ಅವಸರವಿಲ್ಲ ಅಂದರೆ ಸ್ವಲ್ಪ ತಡೆದು ನೋಡಬಹುದೇನೋ.

ಹುಳುಗಳಿಗೆ ಚುಚ್ಚುವ ಮೊದಲು ತಣ್ಣಗಿನ ತಟ್ಟೆಯ ಮೇಲೆ ಮಲಗಿಸುತ್ತೇವೆ. ಅವು ನಿದ್ದೆ ಹೋದ ಮೇಲೆ ಹಿಂಗಾಲಿನ ಬುಡಕ್ಕೆ ಕೂದಲೆಳೆಯಂಥ ಸೂಜಿ. ನಿನ್ನೆ ಮೊದಲ ತಟ್ಟೆ ತೆಗೆದಾಗ ಯಾಕೋ ನನಗೆ ಚುಚ್ಚಲಾಗಲಿಲ್ಲ. ಸೂಜಿಯನ್ನು ನನ್ನ ಹತ್ತಿರ ಸಂಶೋಧನೆ ಮಾಡುವ ವಿದ್ಯಾರ್ಥಿನಿಯ ಕೈಗೆ ಕೊಟ್ಟೆ.

ಚೆನ್ನಾಗಿ ತಿನ್ನು.

ಅಕ್ಕ

•

ಮನೆಯಿಂದ
ಮೇ 10

ಅಕ್ಕ,

ವಿಳಾಸ ನೋಡಿದೆಯಾ? ಮನೆಗೆ ಬಂದಿದ್ದೇನೆ. ಶಸ್ತ್ರಚಿಕಿತ್ಸೆ ಬೇಡ ಅಂದೆ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡು "ಯಾರ ಸಲಹೆ ಇದು?" ಅಂದರು. "ನಮ್ಮಕ್ಕ ವಿಜ್ಞಾನಿ" ಅಂದೆ. ಅವರು ಕಾಗದದಲ್ಲಿ ಏನೋ ಗೀಚಿ, "ಜ್ವರ ಬಂದ್ರೆ ತಕ್ಷಣ ಬನ್ನಿ" ಅಂದರು. ದರ್ಜಿಯವರನ್ನು ಮಾತ್ರ ಕರೆದುಕೊಂಡು ಹೋಗಿ ಅವರ ಎದೆಯಿಂದ ಒಂದು ಮುಷ್ಟಿಯಷ್ಟು ತೆಗೆದರು. ಎಚ್ಚರವಾದ ಮೇಲೆ ನೋಡಲು ಹೋದೆ. ಮೂಗಿಗೆ, ಪಕ್ಕೆಗೆ, ಕೈಗೆ ಎಲ್ಲ ಕಡೆ ನಳಿಗೆ. ನನ್ನನ್ನು ನೋಡಿ ಕಣ್ಣು ಮುಚ್ಚಿಕೊಂಡರು. ಬಚಾವಾದೆ ಅನ್ನಿಸಿತು.

ಕೂತು ಬೇಜಾರಾಗಿ ನನ್ನ ಹೆಂಡತಿಗೆ ಗಾಡಿ ಕಲಿಸುತ್ತಿದ್ದೇನೆ. ಮದುವೆಯಾದಾಗಿನಿಂದ ಕೇಳುತ್ತಿದ್ದೆ, ಒಪ್ಪಿರಲಿಲ್ಲ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಬೇರೆಯವರ ಕಣ್ಣು ಪರೀಕ್ಷೆ ಮಾಡುವವಳು ಎದುರಿನ ಲಾರಿ ನೋಡಿದರೆ ಕಣ್ಣೇ ಮುಚ್ಚಿಕೊಳ್ಳುತ್ತಾಳೆ. ಆಟದ ಮೈದಾನದ ಹಿಂದಿನ ಖಾಲಿ ರಸ್ತೆಯಲ್ಲಿ ನಮ್ಮ ಸವಾರಿ.

"ಕ್ಲಚ್ಚು ಬಿಡು. ಮೆಲ್ಲಗೆ."

"ಬಿಟ್ಟೆ."

"ಅದು ಬಿಡೋದಲ್ಲ, ಎಸೆಯೋದು."

"ಕಲಿಯೋರಿಗೆ ಎಲ್ಲಾ ಹಿಂಗೇ ಬೈತಿದ್ರಾ?"

"ಅವರು ಫೀಸು ಕೊಡ್ತಿದ್ರು, ಮರ್ಯಾದೆ ಕೊಡ್ತಿದ್ದೆ."

ಆಗ ಇಬ್ಬರಿಗೂ ನಗು ಬಂತು. ನಕ್ಕಿದ್ದಕ್ಕೆ ಕೆಮ್ಮು ಹತ್ತಿಕೊಂಡಿತು. ಈ ಸಲ ಬೇಗ ನಿಲ್ಲಲಿಲ್ಲ. ಅವಳು ಗಾಡಿ ಪಕ್ಕಕ್ಕೆ ತಂದು ನಿಲ್ಲಿಸಿ, ಎರಡೂ ಕೈ ಸ್ಟಿಯರಿಂಗ್ ಮೇಲೆ ಇಟ್ಟುಕೊಂಡು ಮುಂದೆಯೇ ನೋಡುತ್ತಿದ್ದಳು. ನನ್ನ ಕರ್ಚೀಫನ್ನು ನೋಡಲಿಲ್ಲ. ಆಮೇಲೆ "ನಿಮ್ಮ ಅಕ್ಕ ಏನಂತಾರೆ?" ಅಂದಳು. "ಕೆಲಸ ನಡೀತಿದೆ ಅಂತಾಳೆ" ಅಂದೆ.

ನೀನು ಬರೆದು ಒಂದು ತಿಂಗಳ ಮೇಲಾಯಿತು. ಕೆಲಸ ನಡೆಯುತ್ತಿದೆ ತಾನೆ?

ಪೀಪಿ

•

ಜೂನ್ 28

ಪೀಪಿ,

ಈ ಕಾಗದ ತಡವಾಗಿದೆ. ಯಾಕೆ ತಡ ಅನ್ನುವುದನ್ನೂ ಬರೆಯುತ್ತೇನೆ. ಮೊದಲು ಮುಖ್ಯವಾದದ್ದು: ಇದು ಕೈಸೇರಿದ ಕೂಡಲೇ ಆ ಡಾಕ್ಟರನ್ನು ಹೋಗಿ ಕಾಣು. ಶಸ್ತ್ರಚಿಕಿತ್ಸೆಗೆ ಒಪ್ಪಿದ್ದೇನೆ ಅನ್ನು. ನಾನೂ ಅವರಿಗೆ ಫೋನು ಮಾಡುತ್ತೇನೆ.

ಮೇ ತಿಂಗಳ ನಡುವೆ ನನ್ನ ವಿದ್ಯಾರ್ಥಿನಿ ಒಂದು ಪ್ರಶ್ನೆ ಕೇಳಿದಳು. "ಮೇಡಂ, ಇದನ್ನ ನಾವು ಬ್ರಾತ್‌ನಲ್ಲಿ ಬೆಳೆಸ್ತಿದೀವಿ. ಆದ್ರೆ ಇದು ಬದುಕೋದು ಮನುಷ್ಯರ ಎದೇಲಿ. ಅಲ್ಲಿ ಸಿಗೋದನ್ನೇ ಕೊಟ್ಟು ಬೆಳೆಸಿದ್ರೆ?" ಬ್ರಾತ್ ಅಂದರೆ ನಾವು ಸೀಸೆಯಲ್ಲಿ ಕೊಡುವ ಸಾರಿನಂಥ ದ್ರವ. ಸರಿ, ಮಾಡಿ ನೋಡು ಅಂದೆ.

ಶ್ವಾಸಕೋಶದ ಒಳಮೈಗೆಲ್ಲ ತೆಳುವಾಗಿ ಒಂದು ಕೊಬ್ಬು ಸವರಿರುತ್ತದೆ. ಉಸಿರು ಬಿಟ್ಟಾಗ ಒಳಗಿನ ಗಾಳಿಗೂಡುಗಳು ಮುದುಡಿ ಅಂಟಿಕೊಳ್ಳದಂತೆ ಕಾಯುವುದು ಅದೇ. ಅಂಥ ಕೊಬ್ಬನ್ನು ಬೆರೆಸಿ ಬೆಳೆಸಿದೆವು. ರೋಗಾಣು ಅದನ್ನು ಒಡೆದು, ಬೇಕಾದ ತುಂಡನ್ನು ಎತ್ತಿಕೊಂಡು, ತನ್ನ ಪೊರೆಯನ್ನೇ ಹೊಸದಾಗಿ ಕಟ್ಟಿಕೊಂಡಿತು. ಆ ಹೊಸ ಕೊಬ್ಬಿನ ತಲೆಯಲ್ಲಿ ಋಣವೂ ಧನವೂ ಸಮವಾಗಿ ಸೆಳೆತವೇ ಇಲ್ಲ. ನನ್ನ ಪ್ರೋಟೀನಿಗೆ ಅಂಟಿಕೊಳ್ಳಲು ಏನೂ ಸಿಗಲಿಲ್ಲ.

ಹುಳುಗಳಲ್ಲೂ ಹಾಗೇ ಆಯಿತು. ಬ್ರಾತ್‌ನಲ್ಲಿ ಬೆಳೆದ ರೋಗಾಣು ಚುಚ್ಚಿ ಪ್ರೋಟೀನು ಕೊಟ್ಟ ಹುಳುಗಳು ಬದುಕಿಕೊಂಡವು. ಕೊಬ್ಬು ತಿಂದು ಬೆಳೆದದ್ದನ್ನು ಚುಚ್ಚಿ ಅದೇ ಪ್ರೋಟೀನು ಕೊಟ್ಟವು ಬೆಳಗಾಗುವುದರಲ್ಲಿ ಕಪ್ಪಾಗಿ, ಮೆತ್ತಗಾಗಿ ಬಿದ್ದಿದ್ದವು. ಕಡ್ಡಿಯಿಂದ ಮುಟ್ಟಿದರೂ ಅಲುಗಲಿಲ್ಲ.

ಮೊದಲ ಸಲ ನಾನು ನಂಬಲಿಲ್ಲ. ಮತ್ತೆ ಮಾಡಿಸಿದೆ. ಬೇರೆ ಕೊಬ್ಬು ತರಿಸಿ ಮತ್ತೆ ಮಾಡಿಸಿದೆ. ಖಚಿತವಾಗದೆ ಹೇಳಬಾರದು, ವಿಜ್ಞಾನದ ಪದ್ಧತಿಯೇ ಅದು ಅಂತ ನನಗೆ ನಾನೇ ಹೇಳಿಕೊಂಡೆ. ಆದರೆ ಮಾರ್ಚಿನಲ್ಲಿ ಒಳ್ಳೆಯ ಫಲಿತಾಂಶ ಬಂದಾಗ ಮತ್ತೆ ಮಾಡಿಸಿರಲಿಲ್ಲ, ಪೀಪಿ. ಆ ವಾರವೇ ನಿನಗೆ ಬರೆದಿದ್ದೆ.

ಬೇಗ ಹೋಗು.

ಅಕ್ಕ

•

ಜುಲೈ 6

ಅಕ್ಕ,

ಹೋಗಿದ್ದೆ. ಹೊಸ ಎಕ್ಸ್‌ರೇ ತೆಗೆದರು. "ಏಪ್ರಿಲ್‌ನಲ್ಲಿ ಒಂದೇ ಕಡೆ ಇತ್ತು. ಈಗ ಬಲಗಡೆನೂ ಶುರುವಾಗಿದೆ. ಎಡಗಡೆದು ತೆಗೆದುಬಿಟ್ರೆ ನೀವು ಯಾವುದರಲ್ಲಿ ಉಸಿರಾಡ್ತೀರಿ?" ಅಂದರು. ಗದರಿಸಿದ್ದಲ್ಲ. ಮೆಲ್ಲಗೇ ಅಂದರು, ಗದರಿಸಿದ್ದರೆ ವಾಸಿ ಇತ್ತು. ನನ್ನ ಹೆಂಡತಿ ಅವರ ಮೇಜಿನ ಮೇಲಿದ್ದ ಪೇಪರ್‌ವೇಟನ್ನೇ ನೋಡುತ್ತಿದ್ದಳು.

ಮತ್ತೆ ಅದೇ ವಾರ್ಡಿಗೆ ಸೇರಿಸಿದ್ದಾರೆ. ನಿನ್ನೆ ದರ್ಜಿಯವರು ತಪಾಸಣೆಗೆ ಬಂದವರು ನಮ್ಮನ್ನೆಲ್ಲ ನೋಡಿ ಹೋಗಲು ಮೇಲೆ ಬಂದಿದ್ದರು. ಲಿಫ್ಟು ಕೆಟ್ಟಿತ್ತು, ಮೆಟ್ಟಿಲು ಹತ್ತಿಕೊಂಡೇ ಬಂದರು. ನನ್ನ ಮಂಚದ ಹತ್ತಿರ ನಿಂತು, ನನ್ನ ಅಂಗಿಯ ಕಾಲರು ಹಿಡಿದು ನೋಡಿ, "ಇದನ್ನ ತಿರುಗಿಸಿ ಹೊಲಿದುಕೊಡ್ತೀನಿ, ಇನ್ನೂ ಬಾಳಿಕೆ ಬರುತ್ತೆ" ಅಂದರು.

ನೀನು ಬರೆದದ್ದು ತಿಳಿಯಿತು. ರಸ್ತೆಯ ಮೇಲೆ ಆಯಿಲ್ ಚೆಲ್ಲಿದರೆ ಟೈರಿಗೆ ಹಿಡಿತ ಸಿಗುವುದಿಲ್ಲ, ಅಷ್ಟೇ. ಆಯಿಲ್ ನನ್ನದೇ ಅನ್ನುವುದೊಂದು ಜಾಸ್ತಿ.

ತೀರ್ಮಾನ ಮಾಡಿದವನು ನಾನು. ನಿನ್ನ ತಲೆಗೆ ಕಟ್ಟುವುದಿಲ್ಲ. ಆದರೆ "ಸ್ವಲ್ಪ ತಡೆದು ನೋಡಬಹುದೇನೋ" ಅಂತ ಬರೆದಿದ್ದೆಯಲ್ಲ, ಅದನ್ನು ತಲೆಯಿಂದ ತೆಗೆದುಹಾಕಲೂ ಆಗುತ್ತಿಲ್ಲ. ಆ ಕಾಗದದಲ್ಲಿ ಡಾಕ್ಟರ ಮಾತು ಕೇಳು ಅಂತಲೂ ಇತ್ತು. ನಾನು ಅದನ್ನು ಓದಲಿಲ್ಲ, ಇದನ್ನು ಓದಿದೆ. ಯಾವುದನ್ನು ಓದುತ್ತೇನೆ ಅಂತ ನಿನಗೆ ಗೊತ್ತಿರಲಿಲ್ಲವಾ? ಚಿಕ್ಕಂದಿನಿಂದ ನೋಡಿದವಳು ನೀನು.

ಸ್ವಲ್ಪ ದಿನ ಬರೆಯಬೇಡ.

ತಮ್ಮ

•

ಜುಲೈ 20

ಪೀಪಿ,

ಬರೆಯಬೇಡ ಅಂದಿದ್ದೀಯ. ಒಂದೇ ಮಾತು, ಉತ್ತರ ಬೇಡ.

ನಿನಗೆ ಏನು ಕೇಳಿಸುತ್ತದೆ ಅಂತ ನನಗೆ ಗೊತ್ತಿತ್ತು. ನನಗೂ ಅದೇ ಕೇಳಬೇಕಿತ್ತು.

ಅಕ್ಕ

•

ಆಗಸ್ಟ್ 14

ಪೀಪಿ,

ರಜೆ ಬರೆದುಕೊಟ್ಟಿದ್ದೇನೆ. ನೀನು ಬೇಡ ಅನ್ನುವವರೆಗೆ ಟಿಕೆಟ್ಟು ಇಟ್ಟುಕೊಂಡಿರುತ್ತೇನೆ. ಹುಳದ ಕೋಣೆಗೆ ಇಳಿದು ವಾರಗಳಾದವು. ವಿದ್ಯಾರ್ಥಿನಿಯೇ ನೋಡಿಕೊಳ್ಳುತ್ತಿದ್ದಾಳೆ.

ಬರಲಾ?

ಅಕ್ಕ

•

ಆಗಸ್ಟ್ 23

ಅಕ್ಕ,

ನಿಮ್ಮ ತಮ್ಮನ ಹೆಂಡತಿ ಬರೆಯುತ್ತಿದ್ದೇನೆ. ನಾನು ನಿಮಗೆ ಹಿಂದೆ ಯಾವತ್ತೂ ಬರೆದಿಲ್ಲ, ಇವರೇ ನಮ್ಮಿಬ್ಬರ ಪರವಾಗಿ ಬರೆಯುತ್ತಿದ್ದರು.

ನಿಮ್ಮ ಎರಡೂ ಕಾಗದ ಬಂದವು. ಮೊದಲನೆಯದನ್ನು ಓದಿ ದಿಂಬಿನ ಕೆಳಗೆ ಇಟ್ಟುಕೊಂಡರು. ಎರಡನೆಯದನ್ನು ನನ್ನಿಂದ ಓದಿಸಿದರು. ಏನು ಬರೆಯಲಿ ಅಂತ ಕೇಳಿದರೆ ಗೋಡೆ ಕಡೆ ತಿರುಗಿದರು. ಮಾತು ಈಗ ತುಂಬ ಕಡಿಮೆ. ಆಮ್ಲಜನಕದ ಮುಖವಾಡ ತೆಗೆದರೆ ತುಟಿ ನೀಲಿಯಾಗುತ್ತದೆ.

ಕಳೆದ ವಾರ ಒಂದೆರಡು ದಿನ ಮನೆಗೆ ಕಳಿಸಿದ್ದರು. ಬೆಳಿಗ್ಗೆ ಉಸಿರು ಕಟ್ಟಿತು. ಆಂಬುಲೆನ್ಸು ಬೇರೆ ಕಡೆ ಹೋಗಿತ್ತು. ಇವರನ್ನು ನಾನೇ ಗಾಡಿಯಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ತಂದೆ. ದಾರಿಯಲ್ಲಿ ಲಾರಿಗಳಿದ್ದವು. ನಾನು ಕಣ್ಣು ಮುಚ್ಚಲಿಲ್ಲ. ಇವರು ಪಕ್ಕದಲ್ಲಿ ಒರಗಿಕೊಂಡು, ಮಾತಾಡಲಾಗದೆ, ಗೇರು ಬದಲಿಸಬೇಕಾದ ಕಡೆಯಲ್ಲೆಲ್ಲ ನನ್ನ ಮಣಿಕಟ್ಟು ಮುಟ್ಟಿ ಹೇಳುತ್ತಿದ್ದರು.

ನನಗೆ ನಿಮ್ಮ ಮೇಲೆ ಸಿಟ್ಟಿದೆ. ಅದನ್ನು ಮುಚ್ಚಿಟ್ಟುಕೊಂಡು ಬರೆದರೆ ಈ ಕಾಗದ ಸುಳ್ಳಾಗುತ್ತದೆ. ಮಾರ್ಚಿನಲ್ಲೇ ಮಾಡಿಸಿಕೊಳ್ಳಿ ಅಂತ ನಾನು ಕಾಲು ಹಿಡಿಯುವುದೊಂದು ಬಾಕಿ ಇತ್ತು. ಇವರು ನಿಮ್ಮ ಕಾಗದ ತೋರಿಸಿದರು, ನನ್ನ ಬಾಯಿ ಕಟ್ಟಿಹೋಯಿತು.

ಆದರೂ ಬನ್ನಿ. ನಾನು ಕರೆದೆ ಅಂತ ಇವರಿಗೆ ಹೇಳಿಲ್ಲ.

ನಿಮ್ಮ ತಮ್ಮನ ಹೆಂಡತಿ

•

ಸೆಪ್ಟೆಂಬರ್ 2

ಅಕ್ಕ,

ಮಲಗಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ನೋಡಿ ನಗಬೇಡ.

ಇವಳು ನಿನ್ನನ್ನು ಕರೆದಿದ್ದಾಳೆ ಅಂತ ಇವಳ ಮುಖ ನೋಡಿಯೇ ಗೊತ್ತಾಯಿತು. ಬಾ. ಬಂದು ಕೂರು. ಕ್ಷಮೆ ಗಿಮೆ ಕೇಳುವ ಕಾರ್ಯಕ್ರಮ ಇಟ್ಟುಕೊಳ್ಳಬೇಡ. ಅಳುವವರನ್ನು ಸಮಾಧಾನ ಮಾಡುವಷ್ಟು ಉಸಿರು ಇಲ್ಲ.

ಸಿಟ್ಟು ಪೂರ್ತಿ ಹೋಗಿಲ್ಲ. ಅದಕ್ಕೆ ಕಾಯುತ್ತ ಕೂತರೆ ಹೊತ್ತಾಗುತ್ತದೆ.

ನಿನ್ನ ವಿದ್ಯಾರ್ಥಿನಿಗೆ ಹೇಳು, ಒಳ್ಳೆಯ ಪ್ರಶ್ನೆ ಕೇಳಿದಳು ಅಂತ. ಅವಳನ್ನು ಬೈದಿಲ್ಲ ತಾನೆ?

ಪೀಪಿ

•

ನವೆಂಬರ್ 19

ಪ್ರೀತಿಯ ತಂಗಿ,

ಅವನ ಅಂತ್ಯಕ್ರಿಯೆ ಮುಗಿದು ನಾನು ಹೊರಟ ದಿನ, ಬಸ್‌ಸ್ಟಾಂಡಿನಲ್ಲಿ ನೀನು ನನ್ನ ಚೀಲ ಮೇಲೆ ಹಾಕಿಕೊಟ್ಟು ಹಿಂದಿರುಗಿದ ಮೇಲೆ, ಬರೆಯಬೇಕು ಅಂದುಕೊಂಡು ಎಷ್ಟೋ ಸಲ ಕೂತೆ.

ಅವನು ಹೋದಾಗ ನೀನು ಹತ್ತಿರವಿರಲಿಲ್ಲ. ಔಷಧಿ ತರಲು ಕೆಳಗೆ ಹೋಗಿದ್ದೆ. ಕೊನೆಗೆ ಏನಂದರು ಅಂತ ನೀನು ಕೇಳಿದ್ದಕ್ಕೆ ಏನೂ ಇಲ್ಲ ಅಂದೆ. ಹೇಳುವಂಥದ್ದು ಏನೂ ಇರಲಿಲ್ಲ ಅನ್ನುವ ಅರ್ಥದಲ್ಲಿ ಅಂದದ್ದು. ಅವನು ಕಣ್ಣು ಬಿಟ್ಟು "ಇವಳೆಲ್ಲಿ?" ಅಂದ. "ಕೆಳಗೆ ಹೋಗಿದಾಳೆ, ಬರ್ತಾಳೆ" ಅಂದೆ. "ಹೂಂ" ಅಂದ. ಅಷ್ಟೇ. ಆಮೇಲೆ ಬೇಸಿಗೆಯ ಮಧ್ಯಾಹ್ನ ಊಟ ಮಾಡಿ ಮಲಗಿದವರ ಹಾಗೆ ಉಸಿರಾಡಿದ, ಎರಡು ಉಸಿರಿನ ನಡುವೆ ಬಿಡುವು ಹೆಚ್ಚುತ್ತಾ ಹೋಯಿತು. ನಾನು ಅವನ ಕೈ ಹಿಡಿದುಕೊಂಡಿದ್ದೆ. ನೀನು ಹಿಡಿದುಕೊಂಡಿರಬೇಕಿತ್ತು.

ಈಗ ನಿನ್ನನ್ನು ಒಂದು ಮಾತು ಕೇಳಬೇಕಾಗಿದೆ.

ಅವನ ಕೊನೆಯ ವಾರ ಡಾಕ್ಟರು ಒಂದು ಸಲ ಕಫ ತೆಗೆದರು. ಅವನೇ ಸನ್ನೆ ಮಾಡಿ, ಇದನ್ನು ಅಕ್ಕನ ಲ್ಯಾಬಿಗೆ ಕೊಡಿ ಅಂದನಂತೆ. ನಾನು ಇಲ್ಲಿಗೆ ವಾಪಸು ಬಂದ ಮೇಲೆ ಅದು ಗೊತ್ತಾಯಿತು. ವಿದ್ಯಾರ್ಥಿನಿ ಅದನ್ನು ಬೆಳೆಸದೆ, ಒಂದು ಪುಟ್ಟ ಸೀಸೆಯಲ್ಲಿ ಹಾಗೇ ಹೆಪ್ಪುಗಟ್ಟಿಸಿ ಇಟ್ಟಿದ್ದಾಳೆ.

ನಾವು ಇಲ್ಲಿಯವರೆಗೆ ಕಂಡದ್ದೆಲ್ಲ ಲ್ಯಾಬಿನಲ್ಲಿ ನಾವೇ ಬೆಳೆಸಿದ್ದರಲ್ಲಿ. ಕೊಬ್ಬು ಬೆರೆಸಿದವರು ನಾವು, ತಿಂದದ್ದು ರೋಗಾಣು. ಮನುಷ್ಯನ ಎದೆಯೊಳಗೂ ಹಾಗೇ ನಡೆಯುತ್ತದೆಯೇ ಅನ್ನುವುದನ್ನು ಈ ಸೀಸೆಯೊಂದೇ ಹೇಳಬಲ್ಲದು. ಅದನ್ನು ತೆರೆದು, ಆ ರೋಗಾಣುಗಳ ಪೊರೆ ಬಿಡಿಸಿ, ಯಾವ ಕೊಬ್ಬಿದೆ ಅಂತ ನೋಡಬೇಕು. ನೋಡಿದರೆ ಸೀಸೆ ಖಾಲಿ. ಮತ್ತೆ ಬೆಳೆಸಿಕೊಳ್ಳೋಣ ಅಂದರೆ ಆಗುವುದಿಲ್ಲ; ಬ್ರಾತ್‌ಗೆ ಹಾಕಿ ಕೆಲವು ಪೀಳಿಗೆ ದಾಟಿತೆಂದರೆ ಎದೆಯಿಂದ ತಂದದ್ದೆಲ್ಲ ಹಂಚಿಹೋಗಿ ಇಲ್ಲವಾಗುತ್ತದೆ. ಅವನ ಮೈಯಿಂದ ಬಂದದ್ದು ಈ ಲೋಕದಲ್ಲಿ ಅಷ್ಟೇ ಉಳಿದಿರುವುದು. ಶೀತಲ ಪೆಟ್ಟಿಗೆಯ ಬಾಗಿಲು ತೆರೆಯುತ್ತೇನೆ, ಮುಚ್ಚುತ್ತೇನೆ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಪೊರೆ ಬದಲಾಗಿದ್ದರೆ, ನನ್ನ ಪ್ರೋಟೀನು ಅವನಿಗೆ ಯಾವತ್ತೂ ಕೆಲಸ ಮಾಡುತ್ತಿರಲಿಲ್ಲ, ಅವನು ಕಾದದ್ದು ಏನೂ ಇಲ್ಲದ್ದಕ್ಕೆ ಅಂತ ಆಗುತ್ತದೆ. ಬದಲಾಗಿಲ್ಲದಿದ್ದರೆ, ಕೆಲಸ ಮಾಡಬಹುದಾಗಿದ್ದದ್ದನ್ನು ಕೈಯಲ್ಲಿಟ್ಟುಕೊಂಡು ನಾನು ಹೆದರಿ ಕೂತೆ ಅಂತ ಆಗುತ್ತದೆ. ಯಾವುದನ್ನು ನೋಡಲೂ ಧೈರ್ಯವಿಲ್ಲ. ನಿನ್ನನ್ನು ಕೇಳದೆ ಅದನ್ನು ಮುಟ್ಟುವ ಹಕ್ಕೂ ನನಗಿಲ್ಲ. ಇಟ್ಟುಕೊಳ್ಳಿ ಅಂದರೆ ನಾನಿರುವವರೆಗೆ ಹಾಗೇ ಇಟ್ಟಿರುತ್ತೇನೆ.

ಅಕ್ಕ

•

ಡಿಸೆಂಬರ್ 1

ಅಕ್ಕ,

ನಿಮ್ಮ ಕಾಗದ ಬಂದ ದಿನ ಅಂಗಡಿಗೆ ರಜೆ ಹಾಕಿದೆ. ಇವರು ನನ್ನನ್ನು ಕೇಳಿದರು ಅಂತ ನೀವು ಬರೆದದ್ದನ್ನು ಮಾತ್ರ ಮತ್ತೆ ಮತ್ತೆ ಓದಿದೆ. ಅದನ್ನು ಆಗಲೇ ಹೇಳಬೇಕಿತ್ತು ನೀವು. ನಿಮಗೆ ಹೇಳುವಂಥದ್ದಲ್ಲ ಅನ್ನಿಸಿದ್ದು ನನಗೆ ಏನು ಅಂತ ನೀವು ಯೋಚಿಸಲಿಲ್ಲ.

ಸೀಸೆ ತೆರೆಯಿರಿ.

ಅದರಲ್ಲಿ ಇವರಿದ್ದಾರೆ ಅಂತ ನಿಮಗೆ ಅನ್ನಿಸುತ್ತಿದೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅದರಲ್ಲಿರುವುದು ಇವರನ್ನು ತಿಂದದ್ದು. ಇವರ ಅಂಗಿಗಳಿವೆ, ಕನ್ನಡಕವಿದೆ, ಇಟ್ಟುಕೊಳ್ಳುವುದಕ್ಕೆ ನನಗೆ ಅಷ್ಟು ಸಾಕು.

ಎರಡರಲ್ಲಿ ಯಾವ ಉತ್ತರ ಬಂದರೂ ನಿಮಗೆ ಕಷ್ಟ ಅಂತ ಬರೆದಿದ್ದೀರಿ. ಕಷ್ಟವೇ ಇರಬಹುದು. ಆದರೆ ಆ ವಾರ್ಡಿನಲ್ಲಿ ಈಗಲೂ ಕಿಟಕಿ ಪಕ್ಕದ ಮಂಚದಲ್ಲಿ ಯಾರೋ ಮಲಗಿದ್ದಾರೆ. ಇವರು ಉಸಿರಿಲ್ಲದ ಹೊತ್ತಿನಲ್ಲೂ ಸನ್ನೆ ಮಾಡಿ ಕಳಿಸಿದ್ದು ನೀವು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಲಿ ಅಂತ ಅಲ್ಲ.

ಸಿಟ್ಟು ಹೋಗಿದೆಯಾ ಅಂತ ನೀವು ಕೇಳಿಲ್ಲ. ಹೋಗಿಲ್ಲ. ಅದು ಹೋಗಲಿ ಅಂತ ನಾನು ಇದನ್ನು ಬರೆಯುತ್ತಲೂ ಇಲ್ಲ.

ತೆರೆಯುವ ದಿನ ಗೊತ್ತಾದ ಕೂಡಲೇ ತಿಳಿಸಿ. ನಾನು ಬರುತ್ತೇನೆ. ಏನೂ ಮುಟ್ಟುವುದಿಲ್ಲ, ಒಂದು ಕಡೆ ನಿಂತಿರುತ್ತೇನೆ. ಏನು ಕಂಡರೂ, ಕಂಡ ಆ ಗಳಿಗೆಯಲ್ಲೇ, ನನ್ನ ಮುಖ ನೋಡಿಕೊಂಡು ನನಗೆ ಹೇಳಬೇಕು.

ನಿಮ್ಮ ತಮ್ಮನ ಹೆಂಡತಿ